ಮಗುವಿನ ತಟ್ಟೆಗೆ ರಿಸೊಟ್ಟೊ

ಮೊಬೈಲಿನಲ್ಲಿ ನೋಡಿ, "ಡಾಕ್ಟ್ರೇ, ಮಗುವಿಗೆ ರಿಸೊಟ್ಟೊ ಕೊಡಬಹುದಾ?" ಎಂದು ತಾಯಂದಿರು ಕೇಳುತ್ತಾರೆ. ಇದು ಉತ್ತರ ಇಟಲಿಯ ಅನ್ನ. ಬೇಳೆಯಿಲ್ಲದ ಮೆತ್ತನೆಯ ಖಿಚಡಿ ಎಂದುಕೊಳ್ಳಿ. ಅರ್ಬೋರಿಯೊ ಎಂಬ ಗಿಡ್ಡ, ದಪ್ಪ ಅಕ್ಕಿಯನ್ನು ತೊಳೆಯದೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯೊಂದಿಗೆ ಹುರಿದು, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತ ಕಲಕುತ್ತಾರೆ. ಅಕ್ಕಿಯ ಪಿಷ್ಟ ಬಿಟ್ಟುಕೊಂಡು ಅನ್ನ ಕೆನೆಯಂತಾಗುತ್ತದೆ. ಇಟಲಿಯವರು ಕಾಳಿನ ನಡುವೆ ಸ್ವಲ್ಪ ಗಟ್ಟಿ ಉಳಿದಿರುವಾಗಲೇ, ಸುಮಾರು 18 ನಿಮಿಷಕ್ಕೆ ಇಳಿಸುತ್ತಾರೆ. ಮಗುವಿಗೆ ಬೆರಳಲ್ಲಿ ನುರಿಯುವಷ್ಟು ಬೇಯಲಿ.

ನನಗೆ ಚಿಂತೆ ಸಾರಿನದು. ಅಂಗಡಿಯ ಸ್ಟಾಕ್ ಕ್ಯೂಬ್ ಬಹುಪಾಲು ಉಪ್ಪು. ವರ್ಷ ತುಂಬದ ಮಗುವಿನ ಮೂತ್ರಪಿಂಡಗಳು ಅಷ್ಟು ಉಪ್ಪನ್ನು ಹೊರಹಾಕಲು ಬಲಿತಿರುವುದಿಲ್ಲ. ಕೋಳಿಯನ್ನೋ ಕ್ಯಾರೆಟ್ಟನ್ನೋ ಉಪ್ಪಿಲ್ಲದೆ ಬೇಯಿಸಿದ ನೀರು ಸಾಕು. ಪಾರ್ಮೆಸಾನ್ ಚೀಸ್‌ನಲ್ಲೂ ಉಪ್ಪು ಹೆಚ್ಚು, ಜೊತೆಗೆ ಅದನ್ನು ಕರುವಿನ ಜಠರದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ, ಬಿಟ್ಟುಬಿಡಿ. ಮೂಲ ವಿಧಾನದಲ್ಲಿ ಹಾಕುವ ವೈನ್ ಕುದಿಸಿದರೂ ಪೂರ್ತಿ ಆವಿಯಾಗುವುದಿಲ್ಲ. ಹುಳಿಗೆ ಎರಡು ಹನಿ ನಿಂಬೆರಸ ಹಿಂಡಿ.

ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮರುದಿನ ಒಂದೇ ಸಲ ಹೊಗೆಯಾಡುವಂತೆ ಬಿಸಿ ಮಾಡಿ, ಆರಿಸಿ ಕೊಡಿ.