ಬಾಡಿಗೆ ಕಾರಿನ ಚಾಲಕ ವೇಗ ಮೀರಿದರೆ ಕೇಳುವವರು ಯಾರು?

ನೀವು ಆಟೋದಲ್ಲೋ, ಜೀಪಿನಲ್ಲೋ, ಟ್ಯಾಕ್ಸಿಯಲ್ಲೋ ಹೋಗಿಯೇ ಇರುತ್ತೀರಿ. ಹತ್ತಿ ಕೂತ ಮೇಲೆ ನಮ್ಮ ಜೀವ ಚಾಲಕನ ಕೈಯಲ್ಲಿ. ಆತ ಯಾರು, ಹೇಗೆ ಓಡಿಸುತ್ತಾನೆ ಅಂತ ನಮಗೆ ಗೊತ್ತಿರೋದಿಲ್ಲ. ಆದರೂ ನಂಬಿ ಕೂರುತ್ತೇವೆ. ಈ ನಂಬಿಕೆಗೆ ಆಧಾರ ಏನು? ಆತನಿಗೆ ಲೈಸೆನ್ಸು ಕೊಟ್ಟವರು ಪರೀಕ್ಷೆ ಮಾಡಿ ಕೊಟ್ಟಿದ್ದಾರೆ ಅನ್ನುವುದೇ ಆಧಾರ.

ಸರಿ, ಲೈಸೆನ್ಸು ಕೊಟ್ಟದ್ದಾಯಿತು. ಆಮೇಲೆ ಆ ಚಾಲಕ ಮತ್ತೆ ಮತ್ತೆ ವೇಗ ಮೀರಿ ಓಡಿಸಿದರೆ? ದಂಡ ಕಟ್ಟಿದರೆ ಮುಗಿಯಿತೇ? ಇಂಗ್ಲೆಂಡ್ ದೇಶದಲ್ಲಿ ಮುಗಿಯುವುದಿಲ್ಲ. ಅಲ್ಲಿ ಊರಿನ ಕೌನ್ಸಿಲ್ ಆತನನ್ನು ಕರೆದು ಕೇಳಬಹುದು. ಕೌನ್ಸಿಲ್ ಅಂದರೆ ನಮ್ಮ ಪಂಚಾಯಿತಿ, ಪುರಸಭೆಯ ಹಾಗೆ ಜನ ಓಟು ಹಾಕಿ ಆರಿಸಿದ ಸಂಸ್ಥೆ. ಆ ಏರ್ಪಾಡು ಹೇಗಿದೆ, ಅದರಿಂದ ನಾವು ತಿಳಿಯಬೇಕಾದ್ದು ಏನು ಅಂತ ಈಗ ನೋಡೋಣ.

ಎರಡು ಲೈಸೆನ್ಸು

ಇಂಗ್ಲೆಂಡಿನಲ್ಲಿ ಸ್ವಂತ ಕಾರು ಓಡಿಸಲು ಒಂದು ಲೈಸೆನ್ಸು ಸಾಕು. ಅದನ್ನು ಸರಕಾರದ ಇಲಾಖೆ ಕೊಡುತ್ತದೆ. ಆದರೆ ದುಡ್ಡು ತೆಗೆದುಕೊಂಡು ಜನರನ್ನು ಕೂರಿಸಿಕೊಂಡು ಹೋಗಬೇಕಾದರೆ ಅದು ಸಾಲದು. ಎರಡನೆಯ ಲೈಸೆನ್ಸು ಬೇಕು. ಅದನ್ನು ಕೊಡುವುದು ಕೌನ್ಸಿಲ್. ಲಂಡನ್ ನಗರಕ್ಕೆ ಮಾತ್ರ ಬೇರೆ ಏರ್ಪಾಡಿದೆ.

ಇದಕ್ಕೆ 1976ರಲ್ಲಿ ಮಾಡಿದ ಒಂದು ಕಾಯ್ದೆ ಇದೆ. ಚಾಲಕ "ಯೋಗ್ಯನಾದ, ತಕ್ಕ ವ್ಯಕ್ತಿ" ಅಂತ ಮನವರಿಕೆಯಾದರೆ ಮಾತ್ರ ಕೌನ್ಸಿಲ್ ಲೈಸೆನ್ಸು ಕೊಡಬೇಕು ಅನ್ನುತ್ತದೆ ಆ ಕಾಯ್ದೆ. ಹಾಗಾಗಿ ಕೌನ್ಸಿಲ್ ಆತನ ಮೇಲೆ ಪೊಲೀಸ್ ಕೇಸು ಇದೆಯೇ ಅಂತ ನೋಡುತ್ತದೆ. ಆರೋಗ್ಯ ನೋಡುತ್ತದೆ. ಹಿಂದೆ ಹೇಗೆ ಗಾಡಿ ಓಡಿಸಿದ್ದಾನೆ ಅಂತ ನೋಡುತ್ತದೆ. ಎಲ್ಲ ಸರಿ ಇದ್ದರೆ ಲೈಸೆನ್ಸು, ಜೊತೆಗೆ ಒಂದು ಬ್ಯಾಡ್ಜು. ಕೆಲಸದ ಹೊತ್ತಿನಲ್ಲಿ ಆ ಬ್ಯಾಡ್ಜು ಎಲ್ಲರಿಗೂ ಕಾಣುವಂತೆ ಇರಬೇಕು.

ವೇಗ ಮೀರಿದರೆ ಮೊದಲು ಏನಾಗುತ್ತದೆ?

ಅಲ್ಲಿ ದೂರವನ್ನು ಮೈಲಿಯಲ್ಲಿ ಅಳೆಯುತ್ತಾರೆ. ಒಂದು ಮೈಲಿ ಅಂದರೆ ಸುಮಾರು 1.6 ಕಿಲೋಮೀಟರ್. ಬೀದಿ ದೀಪ ಇರುವ ಊರೊಳಗಿನ ರಸ್ತೆಯಲ್ಲಿ ಸಾಮಾನ್ಯವಾಗಿ ಗಂಟೆಗೆ 30 ಮೈಲಿ ಮಿತಿ. ಅಂದರೆ ಸುಮಾರು 48 ಕಿಲೋಮೀಟರ್.

ಈ ಮಿತಿ ಮೀರಿ ಸಿಕ್ಕಿಬಿದ್ದರೆ ಕಡಿಮೆ ಅಂದರೂ 100 ಪೌಂಡ್ ದಂಡ. ಪೌಂಡ್ ಅನ್ನುವುದು ಆ ದೇಶದ ಹಣ. ದಂಡದ ಜೊತೆಗೆ ಮೊದಲ ಲೈಸೆನ್ಸಿನ ಲೆಕ್ಕದಲ್ಲಿ 3 ಪಾಯಿಂಟು ಬರೆಯುತ್ತಾರೆ. ವೇಗ ತುಂಬ ಹೆಚ್ಚಿದ್ದರೆ 6 ಪಾಯಿಂಟುವರೆಗೂ ಹೋಗಬಹುದು. ಇದು ಬಹುಮಾನದ ಪಾಯಿಂಟಲ್ಲ, ತಪ್ಪಿನ ಪಾಯಿಂಟು! ಮೂರು ವರ್ಷದೊಳಗೆ 12 ಪಾಯಿಂಟು ತುಂಬಿದರೆ ಕೋರ್ಟು ಸಾಮಾನ್ಯವಾಗಿ ಆರು ತಿಂಗಳಿಗಾದರೂ ಗಾಡಿ ಓಡಿಸದಂತೆ ತಡೆಯುತ್ತದೆ. ಕೆಲವರಿಗೆ ಮೊದಲ ಸಲ ದಂಡದ ಬದಲು ಒಂದು ತರಗತಿಗೆ ಹೋಗಿ ಪಾಠ ಕೇಳುವ ಅವಕಾಶವೂ ಸಿಗುತ್ತದೆ.

ಸ್ವಲ್ಪ ವೇಗ ಹೆಚ್ಚಾದರೆ ಏನು ಮಹಾ?

"ಹತ್ತು ಮೈಲಿ ಜಾಸ್ತಿ ಆದರೆ ಏನಾಯ್ತು?" ಅಂತ ಯಾರಾದರೂ ಕೇಳಬಹುದು. ಅಲ್ಲಿನ ಸರಕಾರ ಚಾಲಕರಿಗಾಗಿ ಅಚ್ಚು ಹಾಕಿಸಿದ ನಿಯಮದ ಪುಸ್ತಕದಲ್ಲಿ ಇದಕ್ಕೆ ಲೆಕ್ಕ ಇದೆ.

ಗಂಟೆಗೆ 30 ಮೈಲಿ ವೇಗದಲ್ಲಿ ಹೋಗುವ ಕಾರಿನ ಮುಂದೆ ಒಂದು ಮಗು ಓಡಿಬಂತು ಅಂದುಕೊಳ್ಳಿ. ಚಾಲಕ ನೋಡಿ, ಬ್ರೇಕ್ ಒತ್ತಿ, ಕಾರು ನಿಲ್ಲುವ ಹೊತ್ತಿಗೆ ಅದು 23 ಮೀಟರ್ ಮುಂದೆ ಬಂದಿರುತ್ತದೆ. ವೇಗ 40 ಮೈಲಿ ಇದ್ದರೆ 36 ಮೀಟರ್. 50 ಮೈಲಿ ಇದ್ದರೆ 53 ಮೀಟರ್. ಇದು ಒಣ ರಸ್ತೆಯ ಮಾತು. ಮಳೆ ಬಂದು ರಸ್ತೆ ಒದ್ದೆಯಾದರೆ ಇನ್ನೂ ದೂರ ಬೇಕು.

30 ಮೈಲಿಗೂ 40 ಮೈಲಿಗೂ ನಡುವಿನ ವ್ಯತ್ಯಾಸ 13 ಮೀಟರ್. ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಆ ಬಸ್ಸಿನುದ್ದದ ಜಾಗದಲ್ಲಿ ಮಗು ಇದ್ದರೆ? ಯೋಚಿಸಿ ನೋಡಿ. ಅವಸರವೇ ಅಪಘಾತಕ್ಕೆ ಕಾರಣ ಅಂತ ನಮ್ಮ ರಸ್ತೆ ಬದಿಯ ಹಲಗೆಯಲ್ಲಿ ಓದುತ್ತೇವಲ್ಲ, ಅದರ ಹಿಂದಿರುವುದು ಇದೇ ಲೆಕ್ಕ.

ಕೌನ್ಸಿಲ್ ಕೇಳುವುದು ಬೇರೆ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೊಲೀಸರು, ಕೋರ್ಟು ಕೇಳುವುದು, "ನೀನು ಆ ದಿನ ತಪ್ಪು ಮಾಡಿದೆಯಾ?" ಅಂತ. ತಪ್ಪಿಗೆ ಶಿಕ್ಷೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಕೌನ್ಸಿಲ್ ಕೇಳುವುದು, "ನಾಳೆ ನಿನ್ನ ಕಾರಿನಲ್ಲಿ ಜನರನ್ನು ಕಳಿಸಬಹುದಾ?" ಅಂತ. ಮೊದಲನೆಯದು ನಿನ್ನೆಯ ಮಾತು. ಎರಡನೆಯದು ನಾಳೆಯ ಮಾತು.

ಹಾಗಂತ ಒಂದೇ ಒಂದು ಸಲ ವೇಗ ಮೀರಿದ ಕೂಡಲೇ ಲೈಸೆನ್ಸು ಕಿತ್ತುಕೊಳ್ಳುತ್ತಾರೆ ಅಂತಲ್ಲ. ಸಣ್ಣ ತಪ್ಪು ಒಂದು ಸಲ ಆದರೆ ಸಾಮಾನ್ಯವಾಗಿ ಕೆಲಸ ಹೋಗುವುದಿಲ್ಲ. ಆದರೆ ಎರಡು ಸಲ, ಮೂರು ಸಲ ಆದರೆ ಅದು ಅಭ್ಯಾಸ ಅನ್ನಿಸುತ್ತದೆ. ಮೂರು ಸಲ ಸಿಕ್ಕಿ 9 ಪಾಯಿಂಟು ಆಗಿದೆ ಅನ್ನಿ. ಕೋರ್ಟಿನ ಲೆಕ್ಕದಲ್ಲಿ 12 ಇನ್ನೂ ಆಗಿಲ್ಲ. ಆದರೂ ಕೌನ್ಸಿಲ್ ಸುಮ್ಮನಿರಬೇಕಾಗಿಲ್ಲ. ಕರೆದು ಕೇಳಬಹುದು.

ಮುಚ್ಚಿಟ್ಟರೆ ಇನ್ನೂ ಕಷ್ಟ

ಕೌನ್ಸಿಲಿಗೆ ಗೊತ್ತಾಗುವುದು ಹೇಗೆ? ಮೊದಲನೆಯದಾಗಿ, ಚಾಲಕ ತಾನೇ ಹೇಳಬೇಕು. 2020ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಕೌನ್ಸಿಲ್‌ಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ರಸ್ತೆಯ ತಪ್ಪಿಗೆ ಶಿಕ್ಷೆಯಾದರೆ ಚಾಲಕ 48 ಗಂಟೆಯೊಳಗೆ ತಿಳಿಸಬೇಕು ಅನ್ನುವ ಷರತ್ತು ಹಾಕಿ ಅಂತ ಅದರಲ್ಲಿ ಹೇಳಿದೆ. 48 ಗಂಟೆ ಅಂದರೆ ಎರಡು ದಿನ.

ಕೆಲವರು ಹೇಳುವುದಿಲ್ಲ. "ಯಾರಿಗೆ ಗೊತ್ತಾಗುತ್ತೆ ಬಿಡು" ಅಂದುಕೊಳ್ಳುತ್ತಾರೆ. ಆದರೆ ಪಾಯಿಂಟುಗಳು ಸರಕಾರದ ದಾಖಲೆಯಲ್ಲಿ ನಾಲ್ಕು ವರ್ಷ ಇರುತ್ತವೆ. ಕೌನ್ಸಿಲ್ ಆ ದಾಖಲೆ ತೆಗೆದು ನೋಡಿದರೆ ಎಲ್ಲವೂ ಹೊರಗೆ ಬರುತ್ತದೆ. ಆಗ ತಪ್ಪು ಎರಡಾಗುತ್ತದೆ. ವೇಗ ಮೀರಿದ್ದು ಒಂದು, ಮುಚ್ಚಿಟ್ಟದ್ದು ಇನ್ನೊಂದು. ವೇಗಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದಾಗಿದ್ದ ಕೌನ್ಸಿಲ್, "ಈತ ಸುಳ್ಳು ಹೇಳುವ ಮನುಷ್ಯ, ಇವನನ್ನು ನಂಬುವುದು ಹೇಗೆ?" ಅಂತ ಯೋಚಿಸಬಹುದು.

ವಿಚಾರಣೆ ಹೇಗೆ ನಡೆಯುತ್ತದೆ?

ಮೊದಲು ಕೌನ್ಸಿಲಿನಿಂದ ಕಾಗದ ಬರುತ್ತದೆ. ಯಾವ ತಪ್ಪಿನ ಬಗ್ಗೆ ಅಂತ ಅದರಲ್ಲಿ ಇರುತ್ತದೆ. ಕೆಲವು ಕಡೆ ಅಧಿಕಾರಿಯೇ ತೀರ್ಮಾನ ಮಾಡುತ್ತಾರೆ. ಕೆಲವು ಕಡೆ ಜನ ಆರಿಸಿದ ಸದಸ್ಯರ ಸಮಿತಿ ಕೂರುತ್ತದೆ.

ಸಮಿತಿಯ ಮುಂದೆ ಅಧಿಕಾರಿ ವಿಷಯ ಹೇಳುತ್ತಾರೆ. ಆಮೇಲೆ ಚಾಲಕನ ಸರದಿ. ಆತ ತಾನೇ ಮಾತಾಡಬಹುದು. ವಕೀಲರನ್ನೋ ಸಂಘದವರನ್ನೋ ಕರೆದುಕೊಂಡು ಬರಬಹುದು. ಸದಸ್ಯರು ಪ್ರಶ್ನೆ ಕೇಳುತ್ತಾರೆ. ಎಷ್ಟು ವೇಗದಲ್ಲಿದ್ದೆ? ಕಾರಿನಲ್ಲಿ ಪ್ರಯಾಣಿಕರು ಇದ್ದರಾ? ಯಾವ ರಸ್ತೆ, ಶಾಲೆ ಹತ್ತಿರವಾ? ಅದಾದ ಮೇಲೆ ನೀನು ಏನು ಬದಲಾಯಿಸಿಕೊಂಡೆ?

ಕೊನೆಗೆ ತೀರ್ಮಾನ. ಎಚ್ಚರಿಕೆ ಕೊಟ್ಟು ಬಿಡಬಹುದು. ಮತ್ತೆ ಡ್ರೈವಿಂಗ್ ಪರೀಕ್ಷೆ ಕೊಡು ಅನ್ನಬಹುದು. ಕೆಲವು ದಿನ ಲೈಸೆನ್ಸು ಅಮಾನತು ಮಾಡಬಹುದು. ಪೂರ್ತಿ ರದ್ದು ಮಾಡಲೂಬಹುದು. ಅಮಾನತು ಅಥವಾ ರದ್ದು ಮಾಡಿದರೆ ಕಾರಣವನ್ನು 14 ದಿನದೊಳಗೆ ಬರೆದು ಕೊಡಬೇಕು. ಬರೀ ಬಾಯಿಮಾತು ಸಾಲದು.

ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಚಾಲಕ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಪೀಲು ಹೋಗಬಹುದು. ಸಾಮಾನ್ಯವಾಗಿ ಅಪೀಲು ತೀರುವ ತನಕ ಆತ ಗಾಡಿ ಓಡಿಸಬಹುದು. ಆದರೆ ಜನರ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಕೂಡಲೇ ನಿಲ್ಲಿಸುವ ಅಧಿಕಾರ ಕೌನ್ಸಿಲಿಗೆ ಇದೆ. 2006ರ ರಸ್ತೆ ಸುರಕ್ಷತಾ ಕಾಯ್ದೆಯಿಂದ ಈ ಅಧಿಕಾರ ಬಂತು.

ಹೊಟ್ಟೆಪಾಡಿನ ಮಾತು

"ಸ್ವಾಮಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಕಾರಿನ ಸಾಲ ಇದೆ. ಲೈಸೆನ್ಸು ಕಿತ್ತುಕೊಂಡರೆ ಹೊಟ್ಟೆಗೆ ಏನು ಮಾಡಲಿ?" ಯಾವ ದೇಶದ ಚಾಲಕನಾದರೂ ಹೀಗೇ ಕೇಳುತ್ತಾನೆ. ಕೇಳುವುದು ನ್ಯಾಯವೇ.

ಈ ಮಾತಿಗೆ ಅಲ್ಲಿ ಎರಡು ಕಡೆ ಎರಡು ಉತ್ತರ. 12 ಪಾಯಿಂಟು ತುಂಬಿ ಕೋರ್ಟಿಗೆ ಹೋದಾಗ ಈ ಕಷ್ಟ ಹೇಳಿಕೊಳ್ಳಬಹುದು. ಎಲ್ಲರಿಗೂ ಬರುವಂಥ ಕಷ್ಟ ಆದರೆ ಸಾಲದು. ತೀರಾ ಹೆಚ್ಚಿನ ಕಷ್ಟ ಅಂತ ತೋರಿಸಬೇಕು. ಕೋರ್ಟಿಗೆ ನಂಬಿಕೆ ಬಂದರೆ ಆರು ತಿಂಗಳ ತಡೆ ಹಾಕದೆ ಬಿಡಬಹುದು.

ಕೌನ್ಸಿಲಿನ ಮುಂದೆ ಈ ಮಾತು ನಡೆಯುವುದು ಕಷ್ಟ. 2002ರಲ್ಲಿ ಲೀಡ್ಸ್ ನಗರದ ಕೌನ್ಸಿಲಿನ ಒಂದು ಪ್ರಕರಣ ಹೈಕೋರ್ಟಿಗೆ ಹೋಯಿತು. ಅದು ವೇಗದ ಪ್ರಕರಣ ಆಗಿರಲಿಲ್ಲ. ಆದರೆ ಅಲ್ಲಿ ಬಂದ ತೀರ್ಪು ಎಲ್ಲ ಚಾಲಕರಿಗೂ ಮುಖ್ಯವಾಯಿತು. ಕೌನ್ಸಿಲ್ ನೋಡಬೇಕಾದ್ದು ಜನರ ಸುರಕ್ಷತೆಯನ್ನು. ಲೈಸೆನ್ಸು ಹೋದರೆ ಚಾಲಕನ ಮನೆಗೆ ಆಗುವ ಕಷ್ಟವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದು ಆ ತೀರ್ಪಿನ ಸಾರ.

ಹಾಗಾಗಿ ಕೋರ್ಟಿನಲ್ಲಿ ಉಳಿದ ಚಾಲಕ ಕೌನ್ಸಿಲಿನಲ್ಲಿ ಬೀಳಬಹುದು. ಕಠಿಣ ಅನ್ನಿಸುತ್ತದೆ, ಅಲ್ವಾ? ಆದರೆ ಹಿಂದಿನ ಸೀಟಿನಲ್ಲಿ ಕೂತವರಿಗೂ ಮನೆ ಇದೆ, ಮಕ್ಕಳಿದ್ದಾರೆ. ವಿಚಾರಣೆಗೆ ಅವರು ಬಂದಿರುವುದಿಲ್ಲ. ಅವರ ಪರವಾಗಿ ಮಾತಾಡುವವರು ಒಬ್ಬರು ಬೇಕಲ್ಲ? ಆ ಕೆಲಸ ಕೌನ್ಸಿಲಿನದು.

ಊರು ಬದಲಾಯಿಸಿದರೆ?

ಒಂದು ಊರಿನಲ್ಲಿ ಲೈಸೆನ್ಸು ರದ್ದಾದ ಚಾಲಕ ಪಕ್ಕದ ಊರಿಗೆ ಹೋಗಿ ಹೊಸ ಲೈಸೆನ್ಸು ಕೇಳಿದರೆ? ಇದನ್ನು ತಡೆಯಲು 2022ರಲ್ಲಿ ಇಂಗ್ಲೆಂಡಿಗೆ ಇನ್ನೊಂದು ಕಾಯ್ದೆ ಬಂತು. ಲೈಸೆನ್ಸು ರದ್ದು, ಅಮಾನತು ಅಥವಾ ನಿರಾಕರಣೆ ಆದ ಕಾರಣ ಸುರಕ್ಷತೆಗೆ ಸಂಬಂಧಿಸಿದ್ದರೆ, ಅದನ್ನು ಎಲ್ಲ ಕೌನ್ಸಿಲ್‌ಗಳೂ ನೋಡುವ ಒಂದೇ ಪಟ್ಟಿಯಲ್ಲಿ ದಾಖಲಿಸಬೇಕು. ಬೇರೆ ಊರಿನ ಚಾಲಕ ತಮ್ಮ ಊರಿನಲ್ಲಿ ಅಪಾಯವಾಗುವ ಹಾಗೆ ಓಡಿಸಿದರೆ, ಲೈಸೆನ್ಸು ಕೊಟ್ಟ ಕೌನ್ಸಿಲಿಗೆ ತಿಳಿಸಬೇಕು. ತಿಳಿದವರು 20 ಕೆಲಸದ ದಿನಗಳೊಳಗೆ ಲೈಸೆನ್ಸಿನ ಬಗ್ಗೆ ವಿಚಾರ ಮಾಡಬೇಕು.

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ ಪಂಚಾಯಿತಿಗೂ ಪುರಸಭೆಗೂ ಈ ಅಧಿಕಾರ ಇಲ್ಲ. ಡ್ರೈವಿಂಗ್ ಲೈಸೆನ್ಸು ಆರ್‌ಟಿಒ ಕಚೇರಿಯ ಕೈಯಲ್ಲಿದೆ. ನೀವು ಕಾಸರಗೋಡಿನಲ್ಲಿರಿ, ಹೊಸೂರಿನಲ್ಲಿರಿ, ಸೊಲ್ಲಾಪುರದಲ್ಲಿರಿ, ಆದೋನಿಯಲ್ಲಿರಿ, ಮೂಲ ಕಾಯ್ದೆ ಒಂದೇ. ಅದು 1988ರ ಮೋಟಾರು ವಾಹನ ಕಾಯ್ದೆ. 2019ರಲ್ಲಿ ಅದನ್ನು ತಿದ್ದಿ ಬಿಗಿ ಮಾಡಿದರು.

ವೇಗ ಮೀರಿದರೆ ಕಾರು, ಆಟೋದಂಥ ಹಗುರ ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡ ಅಂತ ಕಾಯ್ದೆಯಲ್ಲಿದೆ. ಎರಡನೇ ಸಲ ಅದೇ ತಪ್ಪು ಮಾಡಿದರೆ ಲೈಸೆನ್ಸನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ಪೊಲೀಸರು ಹಾಗೆ ವಶಪಡಿಸಿಕೊಂಡ ಲೈಸೆನ್ಸು ಆರ್‌ಟಿಒ ಕಚೇರಿಗೆ ಹೋಗುತ್ತದೆ. ಅಲ್ಲಿ ಅಧಿಕಾರಿ ಮೂರು ತಿಂಗಳು ತಡೆಹಿಡಿಯಬಹುದು. ಮತ್ತೆ ಆದರೆ ರದ್ದು ಮಾಡಬಹುದು.

ಆದರೆ ಇದನ್ನು ನೆನಪಿಡಿ. ಹಾಗೆ ಮಾಡುವ ಮೊದಲು ಚಾಲಕನ ಮಾತು ಕೇಳಲೇಬೇಕು. ಕಾರಣವನ್ನು ಬರೆದು ಕೊಡಬೇಕು. ಆದೇಶ ಕೈಗೆ ಬಂದ 30 ದಿನದೊಳಗೆ ಅಪೀಲು ಮಾಡುವ ಹಕ್ಕು ಚಾಲಕನಿಗೆ ಇದೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಇದೆ. ಕಚೇರಿಯ ಕಾಗದ ಮಲಯಾಳದಲ್ಲೋ, ತಮಿಳಿನಲ್ಲೋ, ಮರಾಠಿಯಲ್ಲೋ, ತೆಲುಗಿನಲ್ಲೋ ಬರಬಹುದು. ಓದಲು ಬರಲಿಲ್ಲ ಅಂತ ಮೂಲೆಗೆ ಇಡಬೇಡಿ. ಅಂಕಿ ಓದಲು ನಿಮಗೆ ಬರುತ್ತದೆ. ಮೊದಲು ತಾರೀಖು ನೋಡಿ. ಆ ಭಾಷೆ ಬಲ್ಲವರ ಹತ್ತಿರ ಅದೇ ದಿನ ಓದಿಸಿ. ಏನಂತ ಬರೆದಿದೆ, ಯಾವತ್ತು ಎಲ್ಲಿಗೆ ಹೋಗಬೇಕು ಅಂತ ಕನ್ನಡದಲ್ಲಿ ನೀವೇ ಬರೆದಿಟ್ಟುಕೊಳ್ಳಿ. ದಿನ ಮೀರಿದರೆ ಹಕ್ಕು ಇದ್ದೂ ಇಲ್ಲದ ಹಾಗೆ.

ನೀವು ಚಾಲಕರಾಗಿದ್ದರೆ ವೇಗ ಮೀರಿ ಉಳಿಸುವ ಐದು ನಿಮಿಷವನ್ನೂ, ಕಳೆಯಬಹುದಾದ ಲೈಸೆನ್ಸನ್ನೂ ತೂಗಿ ನೋಡಿ. ಪ್ರಯಾಣಿಕರಾಗಿದ್ದರೆ, "ಅಣ್ಣಾ, ಸ್ವಲ್ಪ ನಿಧಾನ ಹೋಗಿ" ಅನ್ನಲು ಹಿಂಜರಿಯಬೇಡಿ. ಅದು ಬೇಡಿಕೊಳ್ಳುವ ಮಾತಲ್ಲ. ಅದು ನಿಮ್ಮ ಹಕ್ಕು.

ಗುಂಪಿನಲ್ಲಿ ಮಾತಾಡಿ

1. ಕೋರ್ಟು ಕೇಳುವ ಪ್ರಶ್ನೆಗೂ ಕೌನ್ಸಿಲ್ ಕೇಳುವ ಪ್ರಶ್ನೆಗೂ ಏನು ವ್ಯತ್ಯಾಸ?
2. ಚಾಲಕನ ಹೊಟ್ಟೆಪಾಡು, ಪ್ರಯಾಣಿಕರ ಜೀವ, ಎರಡನ್ನೂ ಕಾಪಾಡುವ ದಾರಿ ಇದೆಯೇ?
3. ನಿಮ್ಮ ಊರಿಗೆ ಯಾವ ಆರ್‌ಟಿಒ ಕಚೇರಿ? ಅದು ಎಲ್ಲಿದೆ? ತಿಳಿದು ಬರೆದಿಡಿ.