ದುಡಿಮೆಯ ವಿದ್ಯೆಗೆ ಮನ್ನಣೆ

ರಬಕವಿ-ಬನಹಟ್ಟಿಯ ನೇಕಾರನು ಹಾಸು ಹೂಡುವಾಗ ಮಾಡುವ ಲೆಕ್ಕವನ್ನು ಗಮನಿಸಿರಿ. ನೂಲಿನ ನಂಬರು, ಹಣಿಗೆಯ ಹಲ್ಲು, ಸೀರೆಯ ಅಗಲ, ಬಣ್ಣಗಳ ಸರದಿ ಎಲ್ಲವೂ ಅವನ ಮನಸ್ಸಿನಲ್ಲಿಯೇ ಕೂಡಿಕೊಳ್ಳುತ್ತವೆ. ಇದು ಗಣಿತವಲ್ಲವೆ? ಆದರೂ ಎಳವೆಯಲ್ಲಿ ಶಾಲೆ ಬಿಟ್ಟವನಿಗೆ ಕಾಲೇಜಿನ ಬಾಗಿಲಲ್ಲಿ ಕೇಳುವುದು ಅಂಕಪಟ್ಟಿಯನ್ನೇ. ಜಮಖಂಡಿ, ಮುಧೋಳಗಳ ಆಲೆಮನೆಯಲ್ಲಿ ಪಾಕದ ಹದ ಬಲ್ಲವನ ಪಾಡೂ, ಬೀಳಗಿಯ ರೈತನ ಪಾಡೂ ಇದೇ.

ದುಡಿಮೆಯಿಂದ ಬಂದ ಅರಿವನ್ನು ಪರೀಕ್ಷಿಸಿ ಓದಿನ ಲೆಕ್ಕಕ್ಕೆ ಸೇರಿಸುವ ಪದ್ಧತಿ ಹೊಸದಲ್ಲ. ಫ್ರಾನ್ಸ್ ದೇಶವು 2002ರ ಕಾನೂನಿನಿಂದ ಅನುಭವದ ಬಲದ ಮೇಲೆಯೇ ಪದವಿ ಪಡೆಯಲು ದಾರಿ ತೆರೆಯಿತು. ನಮ್ಮಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್ ಎಂದು ಗೊತ್ತುಮಾಡಿ, ಕೆಲಸದ ಅನುಭವಕ್ಕೂ ಕ್ರೆಡಿಟ್ ಸಲ್ಲಬಹುದೆಂದು ಒಪ್ಪಿತು.

ಇದರಿಂದ ಪದವಿಯ ಬೆಲೆ ಇಳಿದೀತೆಂದು ಅಂಜುವವರುಂಟು. ವರ್ಷಗಳನ್ನಷ್ಟೇ ಎಣಿಸಿದರೆ ಆ ಅಂಜಿಕೆ ನಿಜವಾದೀತು. ಇಪ್ಪತ್ತು ವರ್ಷ ದುಡಿದವನು ಒಂದೇ ವರ್ಷದ ಕೆಲಸವನ್ನು ಇಪ್ಪತ್ತು ಸಲ ಮಾಡಿರಬಹುದು. ಅಳೆಯಬೇಕಾದದ್ದು ಕಲಿತದ್ದನ್ನು. ಅಳೆಯುವವನಿಗೆ ಮಗ್ಗದ ಪರಿಚಯವೂ ಕನ್ನಡವೂ ಇರಬೇಕು. ಇಂಗ್ಲಿಷಿನ ಪ್ರಶ್ನೆಪತ್ರಿಕೆ ಮುಂದಿಟ್ಟರೆ ಅಳತೆಗೆ ಸಿಕ್ಕುವುದು ಇಂಗ್ಲಿಷೇ ಹೊರತು ನೇಯ್ಗೆಯಲ್ಲ. ಬಣ್ಣ ಹೇಗೆ ಹಿಡಿಯುತ್ತದೆಂಬುದನ್ನು ಅವನು ಬಲ್ಲ. ಏಕೆ ಹಿಡಿಯುತ್ತದೆಂಬ ರಸಾಯನಶಾಸ್ತ್ರವನ್ನು ಕಲಿಸುವುದು ವಿಶ್ವವಿದ್ಯಾಲಯದ ಹೊಣೆ. ಬಲ್ಲದ್ದನ್ನು ಮತ್ತೆ ಕಲಿಸಿ ಅವನ ಗಳಿಕೆಯ ದಿನಗಳನ್ನು ಕಳೆಯುವುದು ನ್ಯಾಯವಲ್ಲವೆಂದು ನಾನು ಭಾವಿಸುತ್ತೇನೆ.

ಮುದುವೊಳಲು, ಅಂದರೆ ಇಂದಿನ ಮುಧೋಳ, ಹತ್ತನೆಯ ಶತಮಾನದ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆತ ಅಜಿತಸೇನಾಚಾರ್ಯರ ಶಿಷ್ಯನಾಗಿ ಕವಿಚಕ್ರವರ್ತಿಯಾದ. ಕಸುಬು ಅವನ ವಿದ್ಯೆಗೆ ಅಡ್ಡಿಯಾಗಲಿಲ್ಲ. ಇಂದಿನ ನೇಕಾರನಿಗೆ ಆ ಕಸುಬೇ ಮೆಟ್ಟಿಲಾಗಬೇಕು.