ಆಘಾತಕ್ಕೊಳಗಾದ ಮಕ್ಕಳ ಚಿಕಿತ್ಸೆ: ಫಲವನ್ನು ಅಳೆಯುವ ಬಗೆ

2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಮನೆ, ಬೆಳೆ, ಜಾನುವಾರುಗಳ ಹಾನಿಗೆ ಪಂಚನಾಮೆ ನಡೆಯಿತು. ಮಕ್ಕಳ ಮನಸ್ಸಿಗೆ ತಗುಲಿದ ಪೆಟ್ಟಿಗೆ ಅಂತಹ ಪಂಚನಾಮೆ ಇಲ್ಲ. ನೆರೆ, ಅಪಘಾತ, ಲೈಂಗಿಕ ದೌರ್ಜನ್ಯ, ಹೆತ್ತವರ ಸಾವು, ಹೀಗೆ ಕಾರಣ ಯಾವುದೇ ಇರಲಿ, ಮಗು ಎಷ್ಟು ಬಾರಿ ಆಪ್ತಸಮಾಲೋಚನೆಗೆ ಹೋಯಿತೆಂಬುದು ದಾಖಲಾಗುತ್ತದೆ. ಅದರಿಂದ ಗುಣವಾಯಿತೇ ಎಂಬುದು ಬೇರೆಯೇ ಪ್ರಶ್ನೆ.

‘ಈಗ ಅಳುವುದಿಲ್ಲ, ಸುಮ್ಮನಿರುತ್ತದೆ’ ಎಂಬ ಮಾತನ್ನು ಚೇತರಿಕೆಯೆಂದು ಬರೆದುಕೊಳ್ಳುವುದು ಸರಿಯಲ್ಲ. ನಡೆದುದನ್ನು ನೆನೆಯದಂತೆ, ಆಡದಂತೆ ತಪ್ಪಿಸಿಕೊಳ್ಳುವುದು ಆಘಾತದ ಒಂದು ಲಕ್ಷಣವೇ ಆಗಿದೆ. ಆದುದರಿಂದಲೇ ತಜ್ಞರು ನಿಗದಿತ ಪ್ರಶ್ನಾವಳಿಗಳನ್ನು ಬಳಸುತ್ತಾರೆ. ಎಂಟು ವರ್ಷ ಮೇಲ್ಪಟ್ಟ ಮಕ್ಕಳಿಗಾಗಿ ಇರುವ ಕ್ರೈಸ್-8 ಎಂಬುದರಲ್ಲಿ 8 ಪ್ರಶ್ನೆಗಳಿದ್ದು, ನಾಲ್ಕು ಬೇಡವೆಂದರೂ ಮರುಕಳಿಸುವ ನೆನಪುಗಳನ್ನು, ಉಳಿದ ನಾಲ್ಕು ಈ ತಪ್ಪಿಸಿಕೊಳ್ಳುವಿಕೆಯನ್ನು ಕುರಿತವು. ಒಟ್ಟು 40 ಅಂಕಗಳಲ್ಲಿ 17 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾದ ತಪಾಸಣೆ ಅಗತ್ಯ. ಉದಾಹರಣೆಗೆ, ಅಂಕ 30ರಿಂದ 20ಕ್ಕೆ ಇಳಿದ ಮಗುವಿಗೆ ಚಿಕಿತ್ಸೆ ಹಿಡಿಯುತ್ತಿದೆ, ಆದರೆ ಮುಗಿದಿಲ್ಲ. ಮೊದಲ ಭೇಟಿಯಲ್ಲೇ ಅಂಕ ದಾಖಲಿಸದಿದ್ದರೆ ಇಷ್ಟನ್ನೂ ಹೇಳಲಾಗದು.

ಖಾನಾಪುರ ತಾಲ್ಲೂಕಿನಲ್ಲಿ ಮನೆಮಾತು ಮರಾಠಿ ಅಥವಾ ಕೊಂಕಣಿಯಾಗಿರುವ ಮಕ್ಕಳು ಅನೇಕರು. ಮೊದಲ ಸಲ ಕನ್ನಡದಲ್ಲಿ, ಮರುಸಲ ಮರಾಠಿಯಲ್ಲಿ ಕೇಳಿ ಪಡೆದ ಅಂಕಗಳನ್ನು ಹೋಲಿಸುವಂತಿಲ್ಲ.

ಘಟನೆಯ ನಂತರದ ಮೊದಲ ಕೆಲವು ತಿಂಗಳುಗಳಲ್ಲಿ ಬಹಳಷ್ಟು ಮಕ್ಕಳು ಚಿಕಿತ್ಸೆಯಿಲ್ಲದೆಯೂ ಚೇತರಿಸಿಕೊಳ್ಳುತ್ತಾರೆಂಬುದನ್ನು ಮರೆಯಬಾರದು. ಸಂಶೋಧನೆಗಳಲ್ಲಿ ಚಿಕಿತ್ಸೆಗೆ ಕಾದಿರುವ ಮಕ್ಕಳ ಗುಂಪಿನೊಡನೆ ಹೋಲಿಕೆ ಮಾಡುವುದು ಇದೇ ಕಾರಣಕ್ಕೆ. ತಾಲ್ಲೂಕು ಮಟ್ಟದಲ್ಲಿ ಅದು ಕಷ್ಟ. ಘಟನೆ ನಡೆದ ದಿನಾಂಕವನ್ನಾದರೂ ಬರೆದಿಡತಕ್ಕದ್ದು. ವರ್ಷದಿಂದ ಬಾಧಿಸುತ್ತಿದ್ದ ಲಕ್ಷಣ ಇಳಿದರೆ ಅದು ಚಿಕಿತ್ಸೆಯ ಫಲವೆನ್ನಲು ಹೆಚ್ಚು ಆಧಾರವಿದೆ.

ನೆರೆ ಕಂಡ ಮಗುವನ್ನು ಬೇಸಿಗೆಯಲ್ಲಿ ಮಾತ್ರ ಪರೀಕ್ಷಿಸುವುದೂ ಸಾಲದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಜುಲೈನಲ್ಲಿ ತುಂಬಿ ಹರಿಯುವಾಗ ಆ ಮಗು ನಿದ್ರಿಸುತ್ತದೆಯೇ, ಶಾಲೆಗೆ ಬರುತ್ತದೆಯೇ ಎಂಬುದನ್ನು ನೋಡಿದ ಮೇಲೆಯೇ ಪ್ರಕರಣ ಮುಕ್ತಾಯಗೊಳಿಸುವುದು ಉಚಿತ.

ಅರ್ಧಕ್ಕೆ ಬಿಟ್ಟವರ ಲೆಕ್ಕ ಇನ್ನೊಂದು. ಹತ್ತು ಮಕ್ಕಳು ಸೇರಿ, ಆರು ಮಂದಿ ಪೂರ್ಣಗೊಳಿಸಿ, ಐವರು ಸುಧಾರಿಸಿದರೆ ವರದಿಯಲ್ಲಿ ‘ಆರರಲ್ಲಿ ಐದು’ ಎಂದು ಬರೆಯಲಾಗುತ್ತದೆ. ಹತ್ತರಲ್ಲಿ ಐದು ಎಂಬುದೇ ನಿಜವಾದ ಲೆಕ್ಕ. ಬಿಟ್ಟ ನಾಲ್ವರು ಗುಣವಾಗಿ ಬಿಟ್ಟರೋ, ಬೆಳಗಾವಿಯವರೆಗಿನ ಬಸ್ ಖರ್ಚಿಗೆ ಬಿಟ್ಟರೋ ಎಂಬುದನ್ನು ಆಶಾ ಕಾರ್ಯಕರ್ತೆಯರು ಮನೆಗೆ ಭೇಟಿ ನೀಡಿದಾಗ ತಿಳಿಯಬಹುದು.

ಶಿಕ್ಷಕರು ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಹಾಜರಾತಿ, ಊಟ, ಆಟ, ಒಡನಾಟಗಳನ್ನು ಗಮನಿಸಿ ಸಮಾಲೋಚಕರಿಗೆ ತಿಳಿಸಿದರೆ ಸಾಕು. ಘಟನೆಯನ್ನು ಮಗುವಿನಿಂದ ಮತ್ತೆ ಹೇಳಿಸಬಾರದು. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮಗುವಿನ ಗುರುತು ಬಹಿರಂಗಪಡಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸಲಹೆಗೆ ಟೆಲಿ-ಮಾನಸ್ ಸಹಾಯವಾಣಿ 14416, ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.